ಅರ್ಧ ಇಂಚಿನ ಮೊಳೆ

ಮೊಳೆ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಇದರ ಹಿಂದೆ ದೊಡ್ಡ ಕಥೆಯೇನಿಲ್ಲ. ಅಲ್ಲಿನ ಫೋರ್‌ಮನ್ ಅವರ ಸ್ವಂತ ಅಕ್ಕನ ಮಗ. ಫೋರ್‌ಮನ್ ಆಗಿ ಬಂದ ಮೊದಲ ದಿನ ಗತ್ತಿನಿಂದ ಶೆಡ್ಡಿನೊಳಗೆ ಕಾಲಿಟ್ಟವನು, ಅವರನ್ನು ಕಂಡದ್ದೇ ಗತ್ತೆಲ್ಲ ಮರೆತು "ಚಿಕ್ಕಮ್ಮಾ!" ಎಂದು ಕೂಗಿಬಿಟ್ಟ. ಅಂದಿನಿಂದ ಅವರು ಊರಿಗೆಲ್ಲ ಚಿಕ್ಕಮ್ಮನಾದರು. ಅವರಿಗಿಂತ ಆರು ವರ್ಷ ದೊಡ್ಡವನಾದ, ಮೀಸೆ ಪೂರ್ತಿ ನೆರೆತ ವಾಚ್‌ಮನ್ ಕೂಡ ಗೇಟಿನಲ್ಲಿ ನಿಂತು "ಚಿಕ್ಕಮ್ಮ, ಬಂದ್ರಾ?" ಎನ್ನುತ್ತಿದ್ದ. ಕೊನೆಗೆ ಮನೆಯ ಸೊಸೆಯೂ ಅದೇ ಕಾರ್ಖಾನೆಗೆ ಸೇರಿ, ಹಗಲೆಲ್ಲ ಚಿಕ್ಕಮ್ಮ ಎಂದು ಕೂಗಿ ಕೂಗಿ, ಸಂಜೆ ಅಡುಗೆಮನೆಯಲ್ಲಿ ನಾಲಿಗೆ ಕಚ್ಚಿಕೊಂಡು "ಅತ್ತೆ" ಎಂದು ತಿದ್ದಿಕೊಳ್ಳುತ್ತಿದ್ದಳು.

ಆ ಶೆಡ್ಡಿನ ಸದ್ದನ್ನು ಹೇಗೆ ಹೇಳುವುದು! ಎರಡು ಸಾಲಿನಲ್ಲಿ ಇಪ್ಪತ್ತು ಮೆಷಿನ್‌ಗಳು. ಒಂದೊಂದರ ಬೆನ್ನಿಗೂ ಒಂದು ತಂತಿಯ ಸುರುಳಿ. ಮೆಷಿನ್ ತಂತಿಯನ್ನು ಒಳಗೆಳೆದುಕೊಂಡು, ಕಚ್ಚಿ ಹಿಡಿದು, ಒಂದೇ ಏಟಿಗೆ ತಲೆ ಮಾಡಿ, ಕಟ್ಟರ್‌ನಿಂದ ತುದಿ ಚೂಪು ಮಾಡಿ ಕೆಳಗಿನ ಪೆಟ್ಟಿಗೆಗೆ ಉಗುಳುತ್ತಿತ್ತು. ನಿಮಿಷಕ್ಕೆ ಇನ್ನೂರು ಸಲ, ಇಪ್ಪತ್ತೂ ಒಟ್ಟಿಗೆ. ಮೊಳೆಗಳನ್ನು ಮರದ ಹೊಟ್ಟಿನ ಜೊತೆ ಉರುಳಿಸಿ ಹೊಳಪು ಕೊಡುವ ದೊಡ್ಡ ಡ್ರಮ್ಮು ಮೂಲೆಯಲ್ಲಿ ಬೇರೆ. ತಗಡಿನ ಸೂರು ಹೋದ ಸದ್ದನ್ನು ಇದ್ದದ್ದು ಇದ್ದ ಹಾಗೇ ವಾಪಸ್ ಕಳಿಸುತ್ತಿತ್ತು. ಒಳಗೆ ಮಾತು ನಡೆಯುತ್ತಿರಲಿಲ್ಲ, ಕೈಸನ್ನೆ ನಡೆಯುತ್ತಿತ್ತು. ಎರಡು ಬೆರಳು ಬಗ್ಗಿಸಿದರೆ ತಂತಿ ಮುಗಿಯಿತು ಎಂದರ್ಥ. ಹೆಬ್ಬೆರಳನ್ನು ಬಾಯಿಗೆ ತೋರಿಸಿದರೆ ಟೀ. ಮೂಗು ಹಿಡಿದುಕೊಂಡರೆ ಫೋರ್‌ಮನ್ ಬರುತ್ತಿದ್ದಾನೆ ಎಂದು. ಈ ಕೊನೆಯದನ್ನು ಹುಟ್ಟುಹಾಕಿದವರು ಚಿಕ್ಕಮ್ಮನೇ ಎಂದು ಹೇಳುತ್ತಾರೆ. ಅವರು ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.

ಇಂಥ ಸದ್ದಿನ ನಡುವೆ ಚಿಕ್ಕಮ್ಮನ ಕೆಲಸ ಕೇಳಿಸಿಕೊಳ್ಳುವುದು. ಅವರು ಸೆಟ್ಟರ್. ಮೆಷಿನ್‌ಗೆ ಅಚ್ಚು ಕೂರಿಸುವುದು, ಕಟ್ಟರ್ ಬಿಗಿ ಮಾಡುವುದು, ಯಾವುದು ಕೆಡುವುದರಲ್ಲಿದೆ ಎಂದು ಕೆಡುವ ಮೊದಲೇ ಹೇಳುವುದು. ಅವರ ಕೈಯಲ್ಲಿ ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ಇರುತ್ತಿತ್ತು. ಅದರ ತುದಿಯನ್ನು ಮೆಷಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಬ್ಬಿಣದ ಒಳಗಿನ ಸದ್ದು ಹಿಡಿಯೊಳಗಿಂದ ಹತ್ತಿ ನೇರ ಕಿವಿಗೆ ಬರುತ್ತಿತ್ತು. "ನಾಳೆ ಮಧ್ಯಾಹ್ನದ ಹೊತ್ತಿಗೆ ಇದರ ಬೇರಿಂಗ್ ಹೋಗುತ್ತೆ" ಎಂದರೆ ಹೋಗುತ್ತಿತ್ತು. ಹೊರಗಿನಿಂದ ಬಂದ ಇಂಜಿನಿಯರ್‌ಗಳು ಮೀಟರು ಗೀಟರು ಹಿಡಿದು ಅರ್ಧ ದಿನ ತಿಣುಕಿ ಹೇಳಿದ್ದನ್ನು ಅವರು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ಆಮೇಲೆ ಇಂಜಿನಿಯರ್ ಎದುರಿಗೇ ಆ ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು.

ಆ ಸ್ಕ್ರೂಡ್ರೈವರ್ ಅವರಿಗೆ ಹಳೆಯ ಸೆಟ್ಟರ್‌ನಿಂದ ಬಂದದ್ದು. ಗಂಡಸರದೇ ಎಂದುಕೊಂಡಿದ್ದ ಕೆಲಸವನ್ನು ಆ ಮನುಷ್ಯ ಹೆಂಗಸೊಬ್ಬರಿಗೆ ಕಲಿಸಿದ. ಅದಕ್ಕಾಗಿ ನಾಲ್ಕು ಜನರ ಕೈಲಿ ಮಾತೂ ಅನ್ನಿಸಿಕೊಂಡ. ಒಂದು ಬೆಳಿಗ್ಗೆ ಸ್ಕ್ರೂಡ್ರೈವರನ್ನು ಒರೆಸಿ ಚಿಕ್ಕಮ್ಮನ ಕೈಗಿಟ್ಟು, "ಇದು ಈಗ ನನ್ ಹತ್ರ ಮಾತಾಡ್ತಾ ಇಲ್ಲಮ್ಮ. ನಿನ್ ಹತ್ರ ಮಾತಾಡುತ್ತೆ, ಇಟ್ಕೋ" ಎಂದು ಹೇಳಿ ಮನೆಗೆ ಹೋದ. ವಯಸ್ಸಾದವರು ಏನೋ ಬೇಸರಕ್ಕೆ ಆಡುವ ಮಾತು ಎಂದು ಚಿಕ್ಕಮ್ಮ ಸುಮ್ಮನಾದರು. ಆ ಮೇಲೆ ಅವನ ಮನೆ ಮುಂದೆ ಹಾದುಹೋಗುವಾಗ ಟಿವಿಯ ಅಬ್ಬರ ಮೂರನೇ ಮನೆಯವರೆಗೆ ಕೇಳುತ್ತಿತ್ತು. ಬೀದಿಯವರೆಲ್ಲ ನಗುತ್ತಿದ್ದರು, ಚಿಕ್ಕಮ್ಮನೂ ನಕ್ಕಿದ್ದರು.

ಇನ್ನು ಆ ಶೆಡ್ಡಿನ ಒಂದು ಪದ್ಧತಿಯನ್ನು ಹೇಳಲೇಬೇಕು, ಯಾಕೆಂದರೆ ಎಲ್ಲ ಎಡವಟ್ಟೂ ಅಲ್ಲೇ ಇರುವುದು. ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳುಗಳಲ್ಲಿ ತಲೆ ಒಡೆದುಹೋಗುವಷ್ಟು ಸದ್ದು. ಸಂಜೆ ಮನೆಗೆ ಹೋದ ಮೇಲೂ ಕಿವಿಯಲ್ಲಿ ಕುಂಯ್ ಎಂದು ಒಂದೇ ಸಮ ಮೊರೆತ. ಆರು ತಿಂಗಳೋ ವರ್ಷವೋ ಕಳೆದ ಮೇಲೆ ಸದ್ದು ಕಾಟ ಕೊಡುವುದು ನಿಲ್ಲುತ್ತದೆ, ಮೊರೆತ ಗಮನಕ್ಕೆ ಬರುವುದಿಲ್ಲ. ಆ ದಿನ ಅವರು ಬಂದು ಹೇಳಬೇಕು. ಆಗ ಶೆಡ್ಡಿನ ಮಂದಿ "ಕಿವಿ ಪಳಗಿತು" ಎಂದು ಬೆನ್ನು ತಟ್ಟಿ, ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿ ಟೀ ಕುಡಿದು, ಅವರಿಗೆ ಸ್ವಂತ ಮೆಷಿನ್ ವಹಿಸಿಕೊಡುತ್ತಿದ್ದರು. ಟೀ ಸುರಿಯುವವರು ಸೆಟ್ಟರ್. ಕಿವಿಗೆ ಹತ್ತಿ ತುರುಕಿಕೊಂಡವರಿಗೆ ಮೆಷಿನ್ ಸಿಗುತ್ತಿರಲಿಲ್ಲ. "ಮೆಷಿನ್ ಮಾತು ಕೇಳದವರು ಮೆಷಿನ್ ಹೇಗೆ ನಡೆಸ್ತಾರೆ?" ಎನ್ನುವುದು ಹಳೆಯ ಸೆಟ್ಟರ್ ಹಾಕಿದ ಕಟ್ಟಳೆ. ಚಿಕ್ಕಮ್ಮ ಅದನ್ನು ಅವನಿಗಿಂತ ಬಿಗಿಯಾಗಿ ನಡೆಸಿದರು. ಹೊಸಬರ ಕಿವಿಯಿಂದ ಹತ್ತಿಯನ್ನು ತಾವೇ ಕೈಯಾರೆ ಕಿತ್ತು ಹೊಟ್ಟಿನ ಬುಟ್ಟಿಗೆ ಎಸೆಯುತ್ತಿದ್ದರು. ಸೊಸೆ ಸೇರಿದ ಮೊದಲ ದಿನ ಅವಳ ಕಿವಿಯಿಂದಲೂ ಹಾಗೇ ಕಿತ್ತಿದ್ದರು. ಅತ್ತೆಯೆಂಬ ಸಲಿಗೆಯಿಂದ ಸ್ವಲ್ಪ ಜೋರಾಗಿಯೇ ಕಿತ್ತಿದ್ದರು.

ಇಯರ್‌ಮಫ್ ಇರಲಿಲ್ಲ ಎಂದಲ್ಲ. ಕಿವಿಯ ಮೇಲೆ ಕೂರುವ ಕೆಂಪು ಬಟ್ಟಲುಗಳ ಒಂದು ಪೆಟ್ಟಿಗೆ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿತ್ತು. ಇನ್‌ಸ್ಪೆಕ್ಷನ್ ದಿನ ಎಲ್ಲರೂ ಅವನ್ನು ಹಾಕಿಕೊಂಡು ಗಂಭೀರವಾಗಿ ನಿಲ್ಲುತ್ತಿದ್ದರು. ಇನ್‌ಸ್ಪೆಕ್ಟರ್ ಗೇಟು ದಾಟಿದ್ದೇ ಪೆಟ್ಟಿಗೆಗೆ ವಾಪಸ್.

ಸೊಸೆ ಸೇರಿ ಎಂಟು ತಿಂಗಳಾಗಿತ್ತು. ಏಳನೇ ಮೆಷಿನ್ನಿನ ಬಳಿ ಪೆಟ್ಟಿಗೆ ಬದಲಿಸುತ್ತಿದ್ದವಳು ಒಂದು ಬೆಳಿಗ್ಗೆ ಚಿಕ್ಕಮ್ಮನ ತೋಳು ಜಗ್ಗಿ, ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು.

"ಇದ್ರಲ್ಲಿ ಏನೋ ಸಣ್ಣಗೆ ಕೀಚ್ ಕೀಚ್ ಅಂತಿದೆ!"

ಚಿಕ್ಕಮ್ಮ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದರು. ಏಟಿನ ದಪ್ಪ ಸದ್ದು ಬಂತು, ಚಕ್ರದ ಗುಡುಗುಡು ಬಂತು. ಕೀಚಲು ಬರಲಿಲ್ಲ. ಇನ್ನೊಂದು ಕಡೆ ಒತ್ತಿದರು. ಅಲ್ಲಿಯೂ ಇಲ್ಲ.

"ಏನೂ ಇಲ್ಲ. ನಿಂದಿನ್ನೂ ಹಸಿ ಕಿವಿ ಕಣೇ, ಇಲ್ಲದ್ದೆಲ್ಲ ಕೇಳುತ್ತೆ" ಎಂದು ನಕ್ಕು ಮುಂದೆ ಹೋದರು.

ಒಂದು ಗಂಟೆಯೂ ಆಗಿರಲಿಲ್ಲ. ಏಳನೇ ಮೆಷಿನ್ನಿನ ಕಟ್ಟರ್ ಸಿಡಿಯಿತು. ಉಗುರುದ್ದದ ಉಕ್ಕಿನ ಚೂರು ಹಾರಿ ಸೊಸೆಯ ಪಕ್ಕದಲ್ಲಿದ್ದ ಮರದ ಪೆಟ್ಟಿಗೆಗೆ ನಾಟಿತು. ಅವಳ ಕೈ ಆ ಪೆಟ್ಟಿಗೆಯ ಅಂಚಿನ ಮೇಲೇ ಇತ್ತು, ಚೂರಿಗೂ ಬೆರಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಮೆಷಿನ್ ನಿಲ್ಲಿಸಿದರು, ಎಲ್ಲರೂ ಸೇರಿದರು. ಫೋರ್‌ಮನ್ ಬಂದು ನೋಡಿ, "ಹಳೇ ಕಟ್ಟರ್, ಹೋಯ್ತು. ಅದಕ್ಕೆ ಯಾರೇನ್ ಮಾಡೋಕಾಗುತ್ತೆ" ಎಂದ. ಚಿಕ್ಕಮ್ಮ ಸೊಸೆಯ ಮುಖ ನೋಡಿದರು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಹೋದ ಮೇಲೂ ಎನ್ನಲಿಲ್ಲ, ಗಂಡನಿಗೂ ಹೇಳಲಿಲ್ಲ. ಆಡಿಬಿಟ್ಟಿದ್ದರೆ ಚಿಕ್ಕಮ್ಮ ಒಂದಕ್ಕೆ ಎರಡು ಸೇರಿಸಿ ಜಗಳವಾಡಿ ಹಗುರಾಗುತ್ತಿದ್ದರು. ಆ ಹುಡುಗಿಯ ಸುಮ್ಮನಿರುವಿಕೆಯೇ ಅವರನ್ನು ತಿಂದುಹಾಕಿತು.

ಅಂದಿನಿಂದ ಅವರು ತಮ್ಮನ್ನು ತಾವೇ ಗಮನಿಸತೊಡಗಿದರು. ಬೆಳಿಗ್ಗೆ ಅಲಾರಂ ಹೊಡೆದುಕೊಂಡರೂ ಏಳುವುದಿಲ್ಲವೆಂದು ಮನೆಯವರು ತಮಾಷೆ ಮಾಡುತ್ತಿದ್ದರು, ಗಾಢ ನಿದ್ದೆ ಎಂದು ಅವರು ಹೆಮ್ಮೆಪಡುತ್ತಿದ್ದರು. ಈಗ ಒಂದು ದಿನ ಎಚ್ಚರವಾಗಿಯೇ ಮಲಗಿ ಕಾದರು. ಗಡಿಯಾರದ ದೀಪ ಮಿಣುಕುತ್ತಿತ್ತು, ಸದ್ದು ಬರಲಿಲ್ಲ. ಯಾರು ಏನು ಹೇಳಿದರೂ "ಹೂಂ" ಎನ್ನುವುದು ಅವರಿಗೆ ಎಂದಿನಿಂದಲೋ ಅಭ್ಯಾಸವಾಗಿತ್ತು. ಹೋದ ತಿಂಗಳು ಪಕ್ಕದ ಮನೆಯಾಕೆ ಬಂದು ಏಣಿ ಎತ್ತಿಕೊಂಡು ಹೊರಟಾಗ ಇವರು ತಡೆದಿದ್ದರು. "ನಿನ್ನೆ ಕೇಳಿದಾಗ ನೀವೇ ಹೂಂ ಅಂದ್ರಲ್ಲ!" ಎಂದು ಆಕೆ ಮುನಿಸಿಕೊಂಡಿದ್ದಳು. ಆಗ ಅವಳ ಮೇಲೇ ಮೂಗು ಮುರಿದಿದ್ದರು. ಈಗ ಅದೆಲ್ಲ ಒಂದೊಂದಾಗಿ ನೆನಪಾಯಿತು.

ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದರು. ಸೊಸೆಯ ವಯಸ್ಸಿನ ಡಾಕ್ಟರು. ಗೋಡೆಗೆಲ್ಲ ಸ್ಪಂಜು ಬಡಿದ ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿದಾಗೆಲ್ಲ ಒತ್ತಿ ಅಮ್ಮ" ಎಂದರು. ಚಿಕ್ಕಮ್ಮನಿಗೆ ನಗು ಬಂತು. ಇಪ್ಪತ್ತೆಂಟು ವರ್ಷ ಕೇಳಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವರಿಗೆ ಇದೊಂದು ಪರೀಕ್ಷೆಯೇ! ಬಾಗಿಲು ಮುಚ್ಚಿತು. ಅವರು ಒತ್ತಿದರು. ಮತ್ತೆ ಒತ್ತಿದರು. ಬಿಡದೆ ಒತ್ತಿದರು.

ಡಾಕ್ಟರು ಬಾಗಿಲು ತೆಗೆದು ಮೆಲ್ಲಗೆ ಹೇಳಿದರು. "ಅಮ್ಮ, ನಾನಿನ್ನೂ ಶುರುನೇ ಮಾಡಿಲ್ಲ."

ಅವರು ಕೇಳಿದ್ದು ತಮ್ಮದೇ ಕಿವಿಯ ಕುಂಯ್ ಎನ್ನುವ ಮೊರೆತವನ್ನು. ಇಪ್ಪತ್ತೇಳು ವರ್ಷದ ಹಿಂದೆ ನಿಂತಿತೆಂದು ಟೀ ಕುಡಿದಿದ್ದರಲ್ಲ, ಅದೇ ಮೊರೆತ. ಅದು ನಿಂತೇ ಇರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಒಂದು ಕಾಗದ ತೋರಿಸಿದರು. ಗೆರೆಯೊಂದು ಅರ್ಧದವರೆಗೆ ನೆಟ್ಟಗೆ ಬಂದು, ಅಲ್ಲಿಂದ ಮೆಟ್ಟಿಲು ಇಳಿದ ಹಾಗೆ ಕೆಳಗಿಳಿದಿತ್ತು.

"ದಪ್ಪ ಸದ್ದು ಚೆನ್ನಾಗೇ ಕೇಳ್ತೀರ. ತೆಳು ಸದ್ದು ಹೋಗಿದೆ. ಅದಕ್ಕೇ ಜನ ಮಾತಾಡೋದು ಕೇಳುತ್ತೆ, ಏನ್ ಮಾತಾಡಿದ್ರು ಅಂತ ಗೊತ್ತಾಗಲ್ಲ."

"ವಯಸ್ಸಾಯ್ತಲ್ಲ ಡಾಕ್ಟ್ರೇ."

"ಐವತ್ತಕ್ಕೆ ವಯಸ್ಸು ಇಷ್ಟು ಮಾಡಲ್ಲಮ್ಮ. ನಿಮ್ಮ ಶೆಡ್ಡಲ್ಲಿ ಒಂದು ಕೈ ದೂರದಲ್ಲಿರೋರ ಹತ್ರ ಮಾತಾಡ್ಬೇಕಂದ್ರೆ ಕೂಗ್ಬೇಕಾ?"

"ಕೂಗಿದ್ರೂ ಕೇಳಲ್ಲ. ನಾವು ಕೈಸನ್ನೆ ಮಾಡ್ತೀವಿ" ಎಂದು ಚಿಕ್ಕಮ್ಮ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಒಳಕಿವೀಲಿ ಕೂದಲಿಗಿಂತ ಸಣ್ಣ ಎಳೆಗಳಿವೆ. ಜೋರು ಸದ್ದಿಗೆ ಮಲಗ್ತವೆ, ಆಮೇಲೆ ಎದ್ದು ನಿಲ್ತವೆ. ದಿನಾ ಏಟು ಬೀಳ್ತಾನೇ ಇದ್ರೆ ಒಂದಿನ ಏಳೋದೇ ಇಲ್ಲ. ಹೋದದ್ದು ಮತ್ತೆ ಹುಟ್ಟಲ್ಲ."

"ಮತ್ತೆ ಒಂದು ವರ್ಷ ಆದ್ಮೇಲೆ ಸದ್ದು ಕಾಟ ಕೊಡೋದು ನಿಂತುಹೋಗುತ್ತಲ್ಲ? ಕಿವಿ ಪಳಗಿತು ಅಂತೀವಲ್ಲ?"

"ಪಳಗೋಕೆ ಕಿವಿ ಏನ್ ನಾಯಿಮರಿನಾ? ಮನಸ್ಸು ಒಗ್ಗಿಕೊಳ್ಳುತ್ತೆ, ಕಿವಿ ಒಗ್ಗಲ್ಲ. ಅದು ಸುಮ್ನೆ ಸವೀತಾ ಇರುತ್ತೆ."

ಚಿಕ್ಕಮ್ಮ ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಕೇಳಿದ್ದು ತಮ್ಮ ಬಗ್ಗೆ ಅಲ್ಲ. "ಹತ್ತಿ ಇಟ್ಕೊಂಡ್ರೆ?"

"ಹತ್ತಿ ಸಾಲಲ್ಲ. ಇಯರ್‌ಮಫ್ ಬೇಕು, ಸದ್ದಿನ ಹತ್ರ ಹೋದ ಮೊದಲನೇ ದಿನದಿಂದ ಬೇಕು. ಪುಟ್ಟ ಮಗು ಆದ್ರೂ ಅಷ್ಟೆ, ಅಜ್ಜಿ ಆದ್ರೂ ಅಷ್ಟೆ, ಕಿವಿಗೆ ವಯಸ್ಸಿನ ರಿಯಾಯಿತಿ ಇಲ್ಲ. ನಿಮಗೆ ಕಿವಿ ಯಂತ್ರ ಬರೆದುಕೊಡ್ತೀನಿ. ಅದಕ್ಕಿಂತ ಮುಖ್ಯ, ಉಳಿದಿರೋದನ್ನ ಉಳಿಸ್ಕೊಳ್ಳಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಚಿಕ್ಕಮ್ಮ ತಮ್ಮ ಬಲಗೈಯನ್ನೇ ನೋಡಿಕೊಂಡರು. ಈ ಬೆರಳುಗಳು ಎಷ್ಟು ಕಿವಿಗಳಿಂದ ಹತ್ತಿ ಕಿತ್ತಿರಬಹುದು? ಹಳೆಯ ಸೆಟ್ಟರ್ ನೆನಪಾದ, ಅವನ ಮನೆಯ ಟಿವಿ ನೆನಪಾಯಿತು. ಅವನ ಬಳಿ ಮಾತು ಬಿಟ್ಟದ್ದು ಸ್ಕ್ರೂಡ್ರೈವರ್ ಅಲ್ಲ. ಆ ಮನುಷ್ಯನಿಗೂ ಗೊತ್ತಿತ್ತು, ಹೇಳಲು ನಾಚಿಕೆಯಾಗಿ ಸ್ಕ್ರೂಡ್ರೈವರಿನ ಮೇಲೆ ಹೊರಿಸಿ ಮನೆಗೆ ಹೋದ. ಅವನು ಅಂದು ಬಾಯಿ ಬಿಟ್ಟು ಹೇಳಿದ್ದರೆ! ಅವನ ಮೇಲೆ ಕೋಪ ಬಂತು, ಅಳುವೂ ಬಂತು. ಪಕ್ಕದ ಸೀಟಿನ ಮುದುಕಿ ಏನೋ ಕೇಳಿದಳು. ಚಿಕ್ಕಮ್ಮ "ಹೂಂ" ಎಂದರು.

ಮನೆಗೆ ಬಂದರೆ ಸೊಸೆ ಬಾಗಿಲಲ್ಲೇ ನಿಂತಿದ್ದಳು, ಮುಖ ಅರಳಿತ್ತು.

"ಅತ್ತೆ, ಒಂದು ವಾರದಿಂದ ಕಿವೀಲಿ ಕುಂಯ್ ಅನ್ನೋದು ಗೊತ್ತೇ ಆಗ್ತಿಲ್ಲ! ಇವತ್ತು ಫೋರ್‌ಮನ್‌ಗೆ ಹೇಳಿದೆ. ಶನಿವಾರ ನನ್ನ ಟೀ ಅಂತೆ. ಏಳನೇ ಮೆಷಿನ್ ನಂಗೇ ಅಂತೆ!"

ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತರು. ಲೆಕ್ಕ ಸರಳವಾಗಿತ್ತು. ಬಾಯಿ ಬಿಟ್ಟರೆ ತಮ್ಮ ಸೆಟ್ಟರ್ ಕೆಲಸ ಹೋಗುತ್ತದೆ, ಕಿವಿ ಕೇಳದ ಸೆಟ್ಟರ್ ಯಾರಿಗೆ ಬೇಕು? ಬಾಯಿ ಮುಚ್ಚಿಕೊಂಡರೆ ಈ ಹುಡುಗಿಯ ಕಿವಿ ಹೋಗುತ್ತದೆ, ಅವಳ ನಂತರ ಬರುವವರದೂ ಹೋಗುತ್ತದೆ. ಇವಳಿಗೊಬ್ಬಳಿಗೆ ಗುಟ್ಟಾಗಿ ಮಫ್ ಹಾಕಿಸೋಣವೆಂದರೆ, ಕಿವಿ ಮುಚ್ಚಿದವರಿಗೆ ಮೆಷಿನ್ ಇಲ್ಲವೆಂದು ಕಟ್ಟಳೆ ನಡೆಸಿದವರು ತಾವೇ. ನಾಲ್ಕು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಸೊಸೆಗೆ ಕಟ್ಟರ್ ವಿಷಯಕ್ಕೇ ಅತ್ತೆ ಮುನಿಸಿಕೊಂಡಿದ್ದಾರೆ ಎನಿಸಿ ಅವಳೂ ಸರಿಯಾಗಿ ಮಾಡಲಿಲ್ಲ.

ಶುಕ್ರವಾರ ಚಿಕ್ಕಮ್ಮ ಫೋರ್‌ಮನ್ನಿನ ಕೋಣೆಗೆ ಹೋದರು.

"ನಾಳೆ ಟೀ ಹೊತ್ತಿಗೆ ಹತ್ತು ನಿಮಿಷ ಎಲ್ಲಾ ಮೆಷಿನ್ ನಿಲ್ಸು. ಮೇನ್ ಸ್ವಿಚ್ಚೇ ತೆಗಿ. ಫ್ಯಾನೂ ತಿರುಗಬಾರದು."

"ಎಲ್ಲಾ ಮೆಷಿನ್ನಾ? ಆರ್ಡರ್ ತಲೆ ಮೇಲಿದೆ ಚಿಕ್ಕಮ್ಮ!"

"ಇಷ್ಟು ವರ್ಷದಲ್ಲಿ ನಿನ್ ಹತ್ರ ಏನಾದ್ರೂ ಕೇಳಿದ್ದೀನೇನೋ?"

"ಕೇಳಿದ್ದೀರ. ಅದೇ ಫ್ಯಾನು."

"ಅದು ಸೆಖೆಗೆ. ಇದು ಬೇರೆ. ನಿಲ್ಸು ಅಂದ್ರೆ ನಿಲ್ಸು" ಎಂದು ಅವನು ಚಡ್ಡಿ ಹಾಕುತ್ತಿದ್ದ ಕಾಲದ ದನಿಯಲ್ಲಿ ಹೇಳಿದರು. ಅವನು ಒಪ್ಪದೆ ಇನ್ನೇನು ಮಾಡಿಯಾನು!

ಶನಿವಾರ ಮಧ್ಯಾಹ್ನ ಮೆಷಿನ್‌ಗಳು ನಿಂತವು. ಡ್ರಮ್ಮು ಕೊನೆಯ ಸುತ್ತು ಉರುಳಿ ನಿಂತಿತು. ಮೂವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆ ಶೆಡ್ಡಿನಲ್ಲಿ ಅಂಥ ಮೌನ ಯಾರಿಗೂ ರೂಢಿಯಿರಲಿಲ್ಲ. ಟೀ ಕ್ಯಾನಿನ ಪಕ್ಕ ಲೋಟಗಳು ಸಾಲಾಗಿದ್ದವು. ಚಿಕ್ಕಮ್ಮ ಕ್ಯಾನಿಗೆ ಕೈ ಹಾಕಲಿಲ್ಲ.

"ಟೀಗೆ ಮುಂಚೆ ಒಂದು ಆಟ. ಎಲ್ಲಾರೂ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿ. ಮೊಳೆ ಬಿದ್ದ ಸದ್ದು ಕೇಳಿದೋರು ಕೈ ಎತ್ತಿ. ಕಣ್ಣು ಬಿಡಿ ಅಂದಾಗ ಎತ್ತಿದ ಕೈ ಹಾಗೇ ಇರ್ಲಿ, ಇಳಿಸಿದ್ದು ಇಳಿದೇ ಇರ್ಲಿ. ಕಳ್ಳಾಟ ಆಡಿದೋರಿಗೆ ಟೀ ಇಲ್ಲ."

ಇದು ಡಾಕ್ಟರ ಕೋಣೆಯಿಂದ ಅವರು ತಾವೇ ಹೊಸೆದುಕೊಂಡ ಉಪಾಯ. ದಪ್ಪ ಸದ್ದಿನಿಂದ ತೆಳು ಸದ್ದಿಗೆ ಇಳಿಯಲು ಮೊಳೆಗಳಿಗಿಂತ ಬೇರೆ ಏನು ಬೇಕು? ಮೂರು ಇಂಚು, ಎರಡು ಇಂಚು, ಒಂದು ಇಂಚು, ಅರ್ಧ ಇಂಚು. ನಾಲ್ಕು ಮೊಳೆಗಳನ್ನು ಸೊಸೆಯ ಕೈಗಿಟ್ಟು, "ಮೊಣಕಾಲೆತ್ತರದಿಂದ ಬಿಡು, ಒಂದೊಂದಾಗಿ" ಎಂದರು. ಅವಳನ್ನು ಆರಿಸಿದ್ದು ಬೇಕೆಂದೇ. ಅವಳನ್ನು ಸಾಲಿನಲ್ಲಿ ನಿಲ್ಲಿಸಿ ಅವಳ ಕೈ ಏಳುತ್ತದೋ ಇಲ್ಲವೋ ನೋಡುವ ಧೈರ್ಯ ಅವರಿಗಿರಲಿಲ್ಲ. ಅಷ್ಟು ಗಟ್ಟಿ ಹೆಂಗಸಿಗೂ ಅಷ್ಟು ಮಾತ್ರ ಆಗಲಿಲ್ಲ.

ಆಮೇಲೆ ತಾವೂ ಹೋಗಿ ಫೋರ್‌ಮನ್ನಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತರು.

ಮೂರು ಇಂಚಿನ ಮೊಳೆ ಕಬ್ಬಿಣದ ನೆಲದ ಮೇಲೆ ಬಿತ್ತು. ಕಣ್ಣು ಬಿಟ್ಟರೆ ಎಲ್ಲರ ಕೈಯೂ ಮೇಲೆ. ನಗು ಎದ್ದಿತು. ಎರಡು ಇಂಚಿಗೆ ಮೂರು ನಾಲ್ಕು ಕೈ ಕೆಳಗಿದ್ದವು, ಇನ್ನಷ್ಟು ನಗು. ಒಂದು ಇಂಚಿಗೆ ಅರ್ಧದಷ್ಟು ಕೈಗಳು ಕೆಳಗಿದ್ದವು, ನಗು ಕಡಿಮೆಯಾಯಿತು. ಚಿಕ್ಕಮ್ಮನ ಕೈ ಆಗಲೇ ಕೆಳಗಿತ್ತು. ನೋಡಿದವರು ಅವರು ತಮಾಷೆಗೆ ಎತ್ತಿಲ್ಲ ಎಂದುಕೊಂಡರು.

ಕೊನೆಯದಕ್ಕೆ ಚಿಕ್ಕಮ್ಮ ಉಸಿರು ಬಿಗಿಹಿಡಿದು ಕಾದರು. ಬಾರದೆಂದು ಗೊತ್ತಿದ್ದೂ ಕಾದರು. ಕಿವಿಯಲ್ಲಿ ಅದೇ ಕುಂಯ್. ಕಾದರು.

"ಕಣ್ಣು ಬಿಡಿ" ಎಂದಳು ಸೊಸೆ.

ಏಳು ಕೈಗಳು ಮೇಲಿದ್ದವು. ಪ್ಯಾಕಿಂಗ್ ರೂಮಿನ ಐವರು, ಮೊನ್ನೆ ಮೊನ್ನೆ ಸೇರಿದ ಇಬ್ಬರು. ಟೀ ಕುಡಿದು ಮೆಷಿನ್ ಪಡೆದವರಲ್ಲಿ ಒಬ್ಬರದೂ ಇಲ್ಲ.

"ಹಾಕೇ ಇಲ್ಲ ಅವಳು!" ಎಂದ ಫೋರ್‌ಮನ್. "ಎಲ್ಲಿ ಬಿತ್ತು? ಬಿದ್ದೇ ಇಲ್ಲ!"

ಸೊಸೆ ಕೆಳಗೆ ತೋರಿಸಿದಳು. ಅರ್ಧ ಇಂಚಿನ ಮೊಳೆ ಅವಳ ಕಾಲ ಬಳಿ ಹೊಳೆಯುತ್ತಿತ್ತು. ಫೋರ್‌ಮನ್ ಪ್ಯಾಕಿಂಗ್‌ನವಳೊಬ್ಬಳ ಕಡೆ ತಿರುಗಿ, "ನಿಂಗೆ ನಿಜವಾಗ್ಲೂ ಕೇಳಿಸ್ತಾ?" ಎಂದ.

"ಕೇಳಿಸ್ತಲ್ಲ ಸಾರ್. ಟಿಣ್ ಅಂತ" ಎಂದಳು ಅವಳು, ಇದೇನು ಕೇಳುವ ಮಾತು ಎನ್ನುವ ಹಾಗೆ.

ಅವನು ಬಗ್ಗಿ ಆ ಮೊಳೆಯನ್ನು ಎತ್ತಿಕೊಂಡ. ಚಿಕ್ಕಮ್ಮ ಎಲ್ಲರೆದುರು ಬಂದು ನಿಂತರು.

"ನಂಗೂ ಕೇಳಿಸಲಿಲ್ಲ. ಏಳನೇ ಮೆಷಿನ್ ಕಟ್ಟರ್ ಹಳೇದಾಗಿ ಸಿಡೀಲಿಲ್ಲ. ಕೀಚಲು ಬರ್ತಿದೆ ಅಂತ ಇವಳು ಒಂದು ಗಂಟೆ ಮುಂಚೆನೇ ಹೇಳಿದ್ದಳು. ನಂಗೆ ಕೇಳಿಸಲಿಲ್ಲ. ಕೇಳಿಸಲಿಲ್ಲ ಅನ್ನೋ ಬದಲು, ಇಲ್ಲ ಅಂದೆ. ಇವಳ ಕೈ ಹೋಗೋದಿತ್ತು." ಅವರು ಟೀ ಕ್ಯಾನಿನ ಕಡೆ ಕೈ ತೋರಿಸಿದರು. "ನಾವು ಕಿವಿ ಪಳಗಿತು ಅಂತ ಟೀ ಕುಡಿದ್ವಲ್ಲ, ಕಿವಿ ಹೋಯ್ತು ಅಂತ ಕುಡಿದಿದ್ದು. ಸುರಿದೋಳು ನಾನು. ಹತ್ತಿ ಕಿತ್ತೋಳೂ ನಾನು. ತಪ್ಪಾಯ್ತು."

ಡಾಕ್ಟರ ಕಾಗದವನ್ನು ಬಿಡಿಸಿ ಟೀ ಕ್ಯಾನಿನ ಪಕ್ಕ ಇಟ್ಟರು. ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟರು. "ಇದು ಮಾತಾಡ್ತಾನೇ ಇದೆ. ನಂಗೆ ಕೇಳಲ್ಲ, ಅಷ್ಟೆ. ಇದನ್ನ ಹೇಳಿ ಹೋಗೋಣ ಅಂತ."

ಹೇಳಿ ಕೇಳಿ ಇಪ್ಪತ್ತೆಂಟು ವರ್ಷ ತಲೆಯೆತ್ತಿ ನಡೆದ ಜಾಗ. ಅಲ್ಲಿ, ತಮ್ಮ ಕೈಕೆಳಗೆ ಕಲಿತವರ ಮುಂದೆ ಹಾಗೆ ನಿಂತು ಹೇಳುವುದೆಂದರೆ ಸಣ್ಣ ಮಾತಲ್ಲ. ನಮ್ಮಲ್ಲಿ ಎಷ್ಟೋ ಜನ ಚಪ್ಪಲಿ ಕಳೆದುಕೊಂಡದ್ದನ್ನೂ ಒಪ್ಪಿಕೊಳ್ಳುವುದಿಲ್ಲ.

ಮೊದಲು ಮಾತಾಡಿದವನು ಹನ್ನೆರಡನೇ ಮೆಷಿನ್ನಿನ ಗಂಟುಮೋರೆಯ ಮನುಷ್ಯ. "ಮಫ್ ಹಾಕ್ಕೊಂಡ್ರೆ ಮೆಷಿನ್ ಸದ್ದು ಹೇಗ್ ಗೊತ್ತಾಗುತ್ತೆ? ಇನ್ನೂ ನಾಲ್ಕು ಕಟ್ಟರ್ ಸಿಡಿಯುತ್ತೆ ಅಷ್ಟೆ."

ಮಾತು ನ್ಯಾಯವಾದದ್ದೇ. ಸೊಸೆ ಸ್ಟೋರ್ ರೂಮಿಗೆ ಹೋಗಿ ಒಂದು ಕೆಂಪು ಮಫ್ ತಂದು ಧೂಳು ಊದಿ ಹಾಕಿಕೊಂಡಳು. ಫೋರ್‌ಮನ್ ಮೇನ್ ಸ್ವಿಚ್ ಹಾಕಿದ, ಶೆಡ್ಡು ಮತ್ತೆ ಅಬ್ಬರಿಸಿತು. ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡು ತುದಿಯನ್ನು ಮೆಷಿನ್‌ಗೆ ಒತ್ತಿದಳು. ಹಿಡಿಯನ್ನು ಕಿವಿಗೆ ಇಡಲು ಬಟ್ಟಲು ಅಡ್ಡ. ಅಲ್ಲಿ ಇಲ್ಲಿ ಇಟ್ಟು ನೋಡಿ, ಕೊನೆಗೆ ದವಡೆಯ ಮೂಳೆಗೆ ಆನಿಸಿದಳು. ತಟ್ಟನೆ ಅವಳ ಕಣ್ಣು ಅಗಲವಾಯಿತು. ಕೈಸನ್ನೆಯಲ್ಲಿ ಎಲ್ಲರನ್ನೂ ಕರೆದಳು. ಹೊರಗಿನ ಗದ್ದಲ ಮಫ್‌ನಲ್ಲಿ ನಿಂತುಹೋಗಿ, ಆ ಒಂದು ಮೆಷಿನ್ನಿನ ಸದ್ದು ಮಾತ್ರ ಮೂಳೆಯ ಮೂಲಕ ತಿಳಿಯಾಗಿ ಬರುತ್ತಿತ್ತು. ಗಂಟುಮೋರೆಯವನೂ ಹಾಕಿ ನೋಡಿದ. ಆಮೇಲೆ ಮಫ್ ವಾಪಸ್ ಕೊಡಲೇ ಇಲ್ಲ.

ಚಿಕ್ಕಮ್ಮ ಮನೆಗೆ ಹೋಗಬೇಕಾಗಲಿಲ್ಲ. "ಅಚ್ಚು ಕೂರಿಸೋ ಕೈ ಇನ್ಯಾರಿಗಿದೆ? ಕೈ ನಿಮ್ದು, ಕಿವಿ ಅವಳ್ದು. ಇಬ್ರೂ ಸೇರಿ ಒಬ್ಬ ಸೆಟ್ಟರ್" ಎಂದು ಫೋರ್‌ಮನ್ ತೀರ್ಮಾನಿಸಿದ. ಮುಂದಿನ ವಾರ ಅವನೂ ಸದ್ದಿಲ್ಲದೆ ಅದೇ ಡಾಕ್ಟರ ಹತ್ತಿರ ಹೋಗಿಬಂದ. ಮಫ್ ಇಲ್ಲದೆ ಶೆಡ್ಡಿನೊಳಗೆ ಕಾಲಿಟ್ಟವರನ್ನು ಚಿಕ್ಕಮ್ಮ ತೋಳು ಹಿಡಿದು ನಿಲ್ಲಿಸುತ್ತಿದ್ದರು. ಎರಡು ಗಂಟೆಗೊಮ್ಮೆ ಒಬ್ಬೊಬ್ಬರೂ ಹತ್ತು ನಿಮಿಷ ಹೊರಗೆ ಹೋಗಿ ಕಿವಿಗೆ ಬಿಡುವು ಕೊಡಬೇಕೆಂಬ ಹೊಸ ಕಟ್ಟಳೆ ತಂದರು. ಕೈಸನ್ನೆಗೆ ಇನ್ನೊಂದು ಸೇರಿತು. ಎರಡು ಅಂಗೈಯನ್ನು ಕಿವಿಯ ಮೇಲಿಟ್ಟರೆ, ಚಿಕ್ಕಮ್ಮ ಬರುತ್ತಿದ್ದಾರೆ ಎಂದು. ಅವರು ಕಿವಿ ಯಂತ್ರ ಹಾಕಿಸಿಕೊಂಡರು, ಶೆಡ್ಡಿನಲ್ಲಿ ಮಾತ್ರ ತೆಗೆದಿಡುತ್ತಿದ್ದರು. ಹಳೆಯ ಸೆಟ್ಟರ್‌ನ ಮನೆಗೆ ಹೋಗಿ, ಅವನನ್ನೂ ಡಾಕ್ಟರ ಹತ್ತಿರ ಕರೆದೊಯ್ದು ಕಿವಿ ಯಂತ್ರ ಹಾಕಿಸಿದರು. ಈಗ ಆ ಬೀದಿಯಲ್ಲಿ ಟಿವಿ ಕೇಳುವುದಿಲ್ಲ. ಅವರಿಬ್ಬರೂ ಜಗಲಿಯಲ್ಲಿ ಕೂತು ಹರಟುವುದು ಕೇಳುತ್ತದೆ, ಅದೂ ಏನು ಕಡಿಮೆ ಸದ್ದಲ್ಲ.

ಒಂದೇ ಒಂದು ವಿಷಯ ಉಳಿದಿತ್ತು. ಮಫ್ ಇಲ್ಲದೆ ಕಳೆದ ಆ ಎಂಟು ತಿಂಗಳು ಸೊಸೆಯ ಕಿವಿಗೆ ಏನು ಮಾಡಿವೆ? ಚಿಕ್ಕಮ್ಮ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದು ಹೊರಟಾಗೆಲ್ಲ ಚಿಕ್ಕಮ್ಮನಿಗೇ ಏನೋ ಒಂದು ಕೆಲಸ ಬರುತ್ತಿತ್ತು.

ಸರಿಯಾಗಿ ಒಂದು ವರ್ಷದ ಮೇಲೆ ಮತ್ತೆ ಶನಿವಾರದ ಟೀ. ಈಗ ಟೀ ಕಿವಿ ಹೋದದ್ದಕ್ಕಲ್ಲ, ಉಳಿದದ್ದಕ್ಕೆ. ಮೆಷಿನ್‌ಗಳು ನಿಂತವು, ಎಲ್ಲರೂ ಮಫ್ ತೆಗೆದು ಗೋಡೆಗೆ ತಿರುಗಿದರು. ಚಿಕ್ಕಮ್ಮ ಮೊಳೆಗಳನ್ನು ಸೊಸೆಗೆ ಕೊಡಲು ಹೋದರು.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಈ ಸಲ ನಾನೂ ನಿಲ್ತೀನಿ. ನೀವ್ ಹಾಕಿ ಅತ್ತೆ."

ಶೆಡ್ಡಿನಲ್ಲಿ ಅವಳು ಅತ್ತೆ ಎಂದದ್ದು ಅದೇ ಮೊದಲು. ಹೋಗಿ ಸಾಲಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು.

ಚಿಕ್ಕಮ್ಮ ಮೂರು ಇಂಚಿನದು ಬಿಟ್ಟರು, ಎರಡು ಇಂಚಿನದು ಬಿಟ್ಟರು, ಒಂದು ಇಂಚಿನದನ್ನೂ ಬಿಟ್ಟರು. ಅರ್ಧ ಇಂಚಿನದನ್ನು ಹಿಡಿದ ಬೆರಳು ಬಿಚ್ಚಿಕೊಳ್ಳಲಿಲ್ಲ. ಅವರು ನೋಡುತ್ತಿದ್ದದ್ದು ಒಂದೇ ಬೆನ್ನನ್ನು. ಕೊನೆಗೆ ಬಿಟ್ಟರು. ಮೊಳೆ ಹೋಗಿ ನೆಲದ ಮೇಲೆ ಬಿದ್ದು, ಒಮ್ಮೆ ಪುಟಿದು, ಉರುಳಿ ನಿಂತಿತು. ಅವರಿಗೆ ಏನೂ ಕೇಳಿಸಲಿಲ್ಲ.

ಸೊಸೆಯ ಕೈ ಮೇಲೆ ಹೋಯಿತು.

ಚಿಕ್ಕಮ್ಮ "ಕಣ್ಣು ಬಿಡಿ" ಎನ್ನುವುದನ್ನು ಮರೆತೇಬಿಟ್ಟರು. ಸಾಲಿನವರೆಲ್ಲ ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಲೋಟಗಳಿಗೆ ಟೀ ಸುರಿಯತೊಡಗಿದರು.